ಸುರಂಗಕ್ಕೆ ಬರೀ ಒಂದೂವರೆ ಸಾಲಾ ಮಾರಾಯ್ರೇ?

ನಿಮ್ಮ ಕಾದಂಬರಿ ಪೂರ್ತಿ ಓದಿದೆ, 312 ಪುಟ. ಹೀಗೇ ಪ್ರಕಟಿಸಲು ಆಗುವುದಿಲ್ಲ. ಜೊತೆಗಿಟ್ಟ ಕಾಗದದಲ್ಲಿ ಎರಡು ಪ್ರಶ್ನೆ ಕೇಳಿದ್ದೀರಿ: ಯಾವ ಕಾದಂಬರಿ ಓದಬೇಕು, ಬರೆಯುವುದನ್ನು ಕಲಿಸುವ ಪುಸ್ತಕ ಯಾವುದಾದರೂ ಉಂಟಾ. ಹೇಳುತ್ತೇನೆ, ಆದರೆ ಮೊದಲು ನಿಮ್ಮ 47ನೇ ಪುಟ.

ಅಲ್ಲಿ ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆಯ ಅಡಿಕೆ ಕೃಷಿಕರೊಬ್ಬರು, ತೋಟ ಒಣಗುತ್ತಿರುವಾಗ, ಕೆಲಸದವನನ್ನು ಕರೆದು "ಜಲಕ್ಷಾಮವು ನನ್ನ ಅಂತರಂಗವನ್ನು ಕಲಕುತ್ತಿದೆ" ಅನ್ನುತ್ತಾರೆ. ಯಾರು ಹಾಗೆ ಮಾತಾಡುತ್ತಾರೆ? ನಿಮ್ಮ ಅಪ್ಪ ಮಾತಾಡುತ್ತಾರಾ? ನಮ್ಮ ಕಡೆಯ ಒಬ್ಬನೇ ಮನುಷ್ಯ ಮನೆಯೊಳಗೆ ಹವ್ಯಕ ಕನ್ನಡ, ತೋಟದಲ್ಲಿ ತುಳು, ಕಾಸರಗೋಡು ಪೇಟೆಯಲ್ಲಿ ಮಲಯಾಳ, ಶಾಲೆಯ ಮೀಟಿಂಗಿನಲ್ಲಿ ಪುಸ್ತಕದ ಕನ್ನಡ ಆಡುತ್ತಾನೆ, ಮತ್ತೆ ಯಾವ ಹೊತ್ತಿಗೆ ಯಾವುದರಿಂದ ಯಾವುದಕ್ಕೆ ಜಾರಿದ ಅನ್ನುವುದರಲ್ಲೇ ಅವನ ಸಿಟ್ಟು, ನಾಚಿಕೆ, ಸಾಲ ಕೇಳುವ ಸಂಕಟ ಎಲ್ಲ ಗೊತ್ತಾಗಿಬಿಡುತ್ತದೆ. ಇದೆಲ್ಲ ಕಿವಿಯಲ್ಲೇ ಇದ್ದೂ ನೀವು ಟಿವಿ ಧಾರಾವಾಹಿಯ ಕನ್ನಡ ಬರೆದಿದ್ದೀರಿ.

ಇನ್ನು ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ಆ ಸುರಂಗ. ಸೂರ್ಯ ಮುಳುಗುವುದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಮುರಕಲ್ಲಿನ ಗುಡ್ಡದೊಳಗೆ ಬಗ್ಗಿಕೊಂಡು ಪಿಕ್ಕಾಸಿನಲ್ಲಿ ಕೊರೆಯುತ್ತಾ, ಮೇಣದಬತ್ತಿ ಆರಿದರೆ ಗಾಳಿ ಸಾಲದು ಅಂತ ಹೊರಗೆ ಬರುವ ಮನುಷ್ಯನಿಗೆ ಒಂದೂವರೆ ಸಾಲು! ಅವನ ಬೆನ್ನು ನೋಯುವುದಿಲ್ವಾ? ನೀರು ಸಿಕ್ಕದಿದ್ದರೆ ಕೂಲಿ ಸಿಗುತ್ತದಾ?

ಓದುವುದಾದರೆ ಮೊದಲು ಕಾರಂತರ 'ಬೆಟ್ಟದ ಜೀವ'. ಅದರ ಗೋಪಾಲಯ್ಯನವರೂ ಅಡಿಕೆ ಕೃಷಿಕರೇ. ಮನೆಬಿಟ್ಟು ಹೋದ ಮಗನ ದುಃಖವನ್ನು ಅವರು ಎಷ್ಟು ಕಡಿಮೆ ಮಾತಿನಲ್ಲಿ ಹೊರುತ್ತಾರೆ ನೋಡಿ, ನಿಮ್ಮ ನಾಯಕ ಪ್ರತಿ ಅಧ್ಯಾಯದಲ್ಲೂ ಅಳುತ್ತಾನೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಸಣ್ಣ ಪುಸ್ತಕ, ನಮ್ಮದೇ ಹೊಳೆ, ಅಲಂಕಾರ ಅಂತ ಏನೂ ಇಲ್ಲ, ಆದರೂ ನಾದಿರಾಳನ್ನು ಮರೆಯಲಿಕ್ಕೆ ನನಗೆ ಇನ್ನೂ ಆಗಿಲ್ಲ. ನಿರಂಜನರ 'ಚಿರಸ್ಮರಣೆ' ಜಮೀನ್ದಾರರ, ಬ್ರಿಟಿಷರ ವಿರುದ್ಧ ಎದ್ದ ಕಯ್ಯೂರಿನ ರೈತರದ್ದು. 1943ರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ್ದರಲ್ಲ, ಆ ಕತೆ. ಅಲ್ಲಲ್ಲಿ ಭಾಷಣ ಜಾಸ್ತಿ ಅನಿಸಿತು ನನಗೆ, ಆದರೆ ಅಪ್ಪು, ಚಿರುಕಂಡ ಅನ್ನುವ ಹುಡುಗರಿಂದ ಶುರುಮಾಡಿ ಅಷ್ಟು ದೊಡ್ಡ ಚಳವಳಿಯೊಳಗೆ ನಮ್ಮನ್ನು ಕರೆದುಕೊಂಡು ಹೋಗುವ ಬಗೆ ಕಲಿಯುವಂಥದ್ದು. ದೇವನೂರರ 'ಕುಸುಮಬಾಲೆ'ಯನ್ನು ಗಟ್ಟಿಯಾಗಿ ಓದಿ. ಅದರ ಆಡುಮಾತನ್ನು ಕದಿಯಬೇಡಿ, ಧೈರ್ಯ ಕದಿಯಿರಿ. ಮಲಯಾಳ ಓದಲು ಬರುತ್ತದೆ ಅಂದಿದ್ದೀರಿ, ಹಾಗಾದರೆ ಬಷೀರರನ್ನು ಬಿಟ್ಟದ್ದು ಯಾಕೆ? 'ಬಾಲ್ಯಕಾಲಸಖಿ' ಒಂದು ಸಂಜೆಯ ಕೆಲಸ.

ಕಲಿಸುವ ಪುಸ್ತಕಗಳ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ, ಓದುತ್ತಾ ಕೂತರೆ ಬರೆಯುವುದು ಮುಂದೆ ಹೋಗುತ್ತದೆ. ಆದರೂ ಸ್ಟೀಫನ್ ಕಿಂಗ್ ಅವರ 'ಆನ್ ರೈಟಿಂಗ್' ನೋಡಿ. ಅವರು ಹೈಸ್ಕೂಲಿನಲ್ಲಿದ್ದಾಗ ಒಬ್ಬ ಸಂಪಾದಕ ಕತೆ ವಾಪಸು ಮಾಡುತ್ತಾ, ಎರಡನೇ ಕರಡು ಅಂದರೆ ಮೊದಲನೆಯದರಲ್ಲಿ ಶೇ. 10 ಕಮ್ಮಿ ಅಂತ ಗೀಚಿದ್ದರಂತೆ. ನಿಮಗೆ ಶೇ. 40 ಅನ್ನುತ್ತೇನೆ, ಬೇಜಾರು ಮಾಡಬೇಡಿ. ಫಾರ್‌ಸ್ಟರ್ ಅವರ 1927ರ 'ಆಸ್ಪೆಕ್ಟ್ಸ್ ಆಫ್ ದಿ ನಾವೆಲ್' ಇನ್ನೊಂದು: ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದರೆ ಬರೀ ಕತೆ, ಆ ದುಃಖದಲ್ಲಿ ರಾಣಿ ಸತ್ತಳು ಅಂದರೆ ಕಥಾಸಂವಿಧಾನ. ನಿಮ್ಮಲ್ಲಿ 'ಆಮೇಲೆ'ಗಳು ತುಂಬಾ, 'ಅದಕ್ಕೇ' ಅನ್ನುವುದು ಕಾಣುವುದಿಲ್ಲ. ಹಳೆಯದೇ ಬೇಕಿದ್ದರೆ 'ಕವಿರಾಜಮಾರ್ಗ' ಉಂಟಲ್ಲ, ಕನ್ನಡ ಸಂಸ್ಕೃತ ಪದಗಳನ್ನು ಹೊಂದಿಕೆಯಿಲ್ಲದೆ ಬೆಸೆದರೆ ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತ ಒಂಬತ್ತನೇ ಶತಮಾನದಲ್ಲೇ ಹೇಳಿಯಾಗಿದೆ.

ಸದ್ಯಕ್ಕೆ ಪೂರ್ತಿ ಕಾದಂಬರಿ ತಿದ್ದಲು ಹೋಗಬೇಡಿ. ಸುರಂಗದ ಆ ಒಂದು ದಿನವನ್ನು ಮಾತ್ರ ಇಪ್ಪತ್ತು ಪುಟ ಬರೆದು ಕಳಿಸಿ, ಓದುತ್ತೇನೆ. ಹಾಂ, ಕೊರೆಯುವವನಿಗೆ ಒಂದು ಹೆಸರಿಡಿ. 312 ಪುಟದಲ್ಲಿ ಎಲ್ಲೂ ಅವನ ಹೆಸರೇ ಇಲ್ಲ.