ಪಾಯಿಂಟ್ ಬ್ರೇಕ್‌ಗೆ ಇಳಿಯುವ ಮೊದಲು

ಪ್ರಶ್ನೆ: ಮರಳು ತೀರದ ಅಲೆಗಳಲ್ಲಿ ಸರ್ಫಿಂಗ್ ಕಲಿತಿದ್ದೇನೆ. ಬೋರ್ಡ್ ಮೇಲೆ ನಿಂತು ಎಡಕ್ಕೂ ಬಲಕ್ಕೂ ತಿರುಗಿಸಲು ಬರುತ್ತದೆ. ಈಗ ಪಾಯಿಂಟ್ ಬ್ರೇಕ್‌ಗೆ ಹೋಗುವ ಆಸೆ. ಅಲ್ಲಿನ ಅಲೆ ಅಷ್ಟು ಉದ್ದ ಓಡುವುದು ಯಾಕೆ? ಬಂಡೆಗಳ ನಡುವೆ ನೀರಿಗೆ ಇಳಿಯೋದು ಹೇಗೆ?

ಉತ್ತರ: ಪಾಯಿಂಟ್ ಬ್ರೇಕ್ ಅಂದರೆ ನೆಲ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಡೆ ಅಲೆ ಮುರಿಯುವ ಜಾಗ. ಅಲ್ಲಿ ಅಲೆ ನೇರವಾಗಿ ಬಂದು ದಡಕ್ಕೆ ಬಡಿಯುವುದಿಲ್ಲ. ಆ ಚಾಚನ್ನು ಸುತ್ತಿಕೊಂಡು, ಬಾಗುತ್ತಾ ಒಳಗೆ ಬರುತ್ತದೆ. ನೀರಿನ ಆಳ ಕಡಿಮೆಯಾದಷ್ಟೂ ಅಲೆ ನಿಧಾನವಾಗುತ್ತದೆ, ಎಲ್ಲದಕ್ಕೂ ಇದೇ ಕಾರಣ. ಬಂಡೆಗೆ ಹತ್ತಿರವಿರುವ ತುದಿ ಹಿಂದೆ ಬೀಳುತ್ತದೆ, ಆಳದಲ್ಲಿರುವ ತುದಿ ಮುಂದೆ ಹೋಗುತ್ತದೆ, ಹಾಗಾಗಿ ಇಡೀ ಅಲೆಯೇ ತಿರುಗಿಕೊಳ್ಳುತ್ತದೆ. ಆಮೇಲೆ ಅದು ಒಂದೇ ಸಲ ಕುಸಿಯದೆ ಒಂದು ಕಡೆಯಿಂದ ಮುರಿಯುತ್ತಾ ಸಾಗುತ್ತದೆ. ದಕ್ಷಿಣ ಆಫ್ರಿಕಾದ ಜೆಫ್ರೀಸ್ ಬೇಯಲ್ಲಿ ಅಲೆ ಹೀಗೆ ಬಲಕ್ಕೆ ಓಡಿದರೆ, ಪೆರು ದೇಶದ ಚಿಕಾಮಾದಲ್ಲಿ ಎಡಕ್ಕೆ ಓಡುತ್ತದೆ. ಈ ಎಡ ಬಲ ಎಲ್ಲ ದಡದ ಕಡೆ ಮುಖ ಮಾಡಿ ಸವಾರಿ ಮಾಡುವವರ ಲೆಕ್ಕದಲ್ಲಿ.

ಮುನ್ಸೂಚನೆ ನೋಡುವಾಗ ಅಲೆಯ ಎತ್ತರ ಒಂದನ್ನೇ ನೋಡಬೇಡಿ. ಒಂದು ಅಲೆಗೂ ಮುಂದಿನ ಅಲೆಗೂ ಎಷ್ಟು ಸೆಕೆಂಡ್ ಅಂತರ ಇದೆ ಅಂತಲೂ ನೋಡಿ. 8 ಸೆಕೆಂಡಿನ ಅಲೆಗೆ ತಳ ತಾಕಿ ಅದು ನಿಧಾನವಾಗತೊಡಗುವುದು ಸುಮಾರು 50 ಮೀಟರ್ ಆಳಕ್ಕೆ ಬಂದ ಮೇಲೆ, 14 ಸೆಕೆಂಡಿನದಕ್ಕೆ 150 ಮೀಟರ್ ಆಳದಲ್ಲೇ. ಅದಕ್ಕೇ ಅಂತರ ಜಾಸ್ತಿ ಇರುವ ಅಲೆ ಚೆನ್ನಾಗಿ ಬಾಗಿ ಬರುತ್ತದೆ, ದಡದ ಹತ್ತಿರ ಬಂದಾಗ ನೀವು ಅಂದುಕೊಂಡದ್ದಕ್ಕಿಂತ ಎತ್ತರವೂ ಆಗುತ್ತದೆ.

ಇನ್ನು ನೀರಿಗೆ ಇಳಿಯುವ ವಿಷಯ. ಬಂದ ತಕ್ಷಣ ಇಳಿಯಬೇಡಿ, ದಯವಿಟ್ಟು. ಅರ್ಧ ಗಂಟೆ ದಡದಲ್ಲಿ ನಿಂತು ಸುಮ್ನೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಇದನ್ನೇ ಸೆಟ್ ಅನ್ನೋದು. ಆಮೇಲೆ ಸ್ವಲ್ಪ ಹೊತ್ತು ಬಿಡುವು. ನೀವು ಇಳಿಯಬೇಕು ಅಂದುಕೊಂಡ ಬಂಡೆಯ ಮೇಲೆಯೇ ಕಣ್ಣಿಡಿ: ನೊರೆನೀರು ಏರಿ ಪಾಚಿಯನ್ನೆಲ್ಲ ಮುಚ್ಚುತ್ತದೆ, ಕ್ಷಣ ನಿಲ್ಲುತ್ತದೆ, ಆಮೇಲೆ ಸಂದುಗಳಿಂದ ಸೊರ್ರನೆ ಇಳಿದು ಚಿಪ್ಪು ಅಂಟಿದ ಚೂಪು ಕಲ್ಲು ಹೊರಗೆ ಕಾಣುತ್ತದೆ. ಇಳಿಯಬೇಕಾದದ್ದು ಸೆಟ್‌ನ ಕೊನೆಯ ಅಲೆ ಹೋದ ಮೇಲೆ, ನೀರು ಏರಿ ತುಂಬಿದ ಆ ಕ್ಷಣದಲ್ಲಿ. ಬೋರ್ಡ್ ಮೇಲೆ ಮಲಗಿದಂತೆ ಚಪ್ಪಟೆಯಾಗಿ ಹಾರಿ, ತಲೆ ಮುಂದೆ ಮಾಡಿ ಧುಮುಕಬೇಡಿ, ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಕಲ್ಲಿಗೆ ಸಿಕ್ಕದಂತೆ ಕೈಯಲ್ಲಿ ಎತ್ತಿ ಹಿಡಿದಿರಿ, ನೀರು ಮುಟ್ಟಿದ ಕೂಡಲೇ ಜೋರಾಗಿ ಪ್ಯಾಡಲ್ ಮಾಡಿ, ಅಂದರೆ ಕೈಗಳಿಂದ ನೀರು ತಳ್ಳಿ ಮುಂದೆ ಹೋಗಿ. ನೀರು ಇಳಿಯುವಾಗ ಹಾರಿದರೆ ಅದು ನಿಮ್ಮನ್ನು ಕಲ್ಲಿನ ಮೇಲೇ ಎಳೆದು ಹಾಕುತ್ತದೆ.

ನನ್ನನ್ನು ಕೇಳಿದರೆ, ಶುರುವಿನಲ್ಲಿ ಬಂಡೆಯ ಸಹವಾಸವೇ ಬೇಡ. ಕೊಲ್ಲಿಯ ಒಳತುದಿಯ ಮರಳಿನಿಂದ ಇಳಿದು, ಅಲೆ ಮುರಿಯದ ಆಳದ ನೀರಿನಲ್ಲಿ ದೂರ ಸುತ್ತಿಕೊಂಡು ಹೋಗಿ. ತೋಳು ಸೋಲುತ್ತದೆ ನಿಜ, ಆದರೆ ಮೈ ತರಚುವುದಿಲ್ಲ. ವಾಪಸ್ ಬರುವಾಗಲೂ ಮರಳಿನ ಕಡೆಯೇ ಹತ್ತಿ. ಸೆಳೆತ ಸಾಮಾನ್ಯವಾಗಿ ಅಲೆ ಓಡುವ ದಿಕ್ಕಿಗೇ ನಿಮ್ಮನ್ನು ತಳ್ಳುತ್ತಿರುತ್ತದೆ, ಕೂತಲ್ಲೇ ಕೂತಿದ್ದೀನಿ ಅನ್ನಿಸುತ್ತಿರುವಾಗಲೂ. ದಡದಲ್ಲಿ ಒಂದರ ಹಿಂದೆ ಒಂದು ಇರುವ ಎರಡು ಗುರುತು ಹಿಡಿದುಕೊಳ್ಳಿ, ಒಂದು ಮರ ಮತ್ತು ಅದರ ಹಿಂದಿನ ಕಂಬ ಅನ್ನಿ. ಅವು ಒಂದೇ ಸಾಲಿನಿಂದ ತಪ್ಪಿದರೆ ನೀವು ಜರುಗಿದ್ದೀರಿ. ಬಿದ್ದರೆ ಆಳ ನೋಡಲು ಕಾಲು ಇಳಿಬಿಡಬೇಡಿ, ಮೇಲೆ ಬರುವಾಗ ತಲೆಗೆ ಕೈ ಅಡ್ಡ ಇರಲಿ.

ಪ್ರಶ್ನೆ: ಪಾಯಿಂಟ್‌ನಲ್ಲಿ ಒಳ್ಳೆಯ ಅಲೆ ಹಿಡಿದು ಎದ್ದು ನಿಂತೆ. ಹಿಂದಿನಿಂದ ಬರುತ್ತಿದ್ದವರೊಬ್ಬರು ಕಿರುಚಾಡಿದರು. ಅಲೆ ಎಲ್ಲರದ್ದೂ ಅಲ್ವಾ?

ಉತ್ತರ: ಸಮುದ್ರ ಎಲ್ಲರದ್ದೂ ಹೌದು, ಆದರೆ ಆ ಅಲೆ ಅವರದ್ದಾಗಿತ್ತು. ಮುರಿಯುವ ಜಾಗಕ್ಕೆ ಯಾರು ಹತ್ತಿರವೋ ಅವರಿಗೆ ಮೊದಲ ಹಕ್ಕು. ಅವರ ಮುಂದೆ ಎದ್ದು ನಿಲ್ಲುವುದೇ ಡ್ರಾಪ್ ಇನ್. ಮರಳು ತೀರದಲ್ಲಿ ಅಲೆ ಹತ್ತಾರು ಕಡೆ ಮುರಿಯುತ್ತದೆ, ಜನ ಹಂಚಿಹೋಗುತ್ತಾರೆ. ಇಲ್ಲಿ ಎಲ್ಲರೂ ಕಾಯುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ, ಹಾಗಾಗಿ ಸರದಿ ಮುರಿದರೆ ಜಗಳ ಮಾತ್ರ ಅಲ್ಲ, ಬೋರ್ಡಿನ ಅಡಿಯ ಫಿನ್ (ರೆಕ್ಕೆ) ತಗುಲಿ ಗಾಯವೂ ಆಗುತ್ತದೆ. ಏಳುವ ಮೊದಲು ಮುರಿಯುತ್ತಿರುವ ಕಡೆಗೆ ಒಮ್ಮೆ ತಿರುಗಿ ನೋಡಿ. ಯಾರಾದರೂ ಬರುತ್ತಿದ್ದರೆ ಬಿಟ್ಟುಬಿಡಿ. ಕಾಯುತ್ತಿರುವವರನ್ನು ಸುತ್ತಿಹಾಕಿಕೊಂಡು ಹೋಗಿ ಮುರಿಯುವ ಜಾಗಕ್ಕೆ ಅವರಿಗಿಂತ ಹತ್ತಿರ ಕೂರುವುದೂ ತಪ್ಪೇ. ಪ್ಯಾಡಲ್ ಮಾಡುತ್ತಾ ಹೊರಗೆ ಹೋಗುವಾಗ ಸವಾರರ ದಾರಿಗೆ ಸಿಕ್ಕಿಕೊಂಡರೆ ಅವರ ಹಿಂದಿನ ನೊರೆಯ ಕಡೆಗೇ ಹೋಗಿ. ಏಟು ನಿಮಗೆ ಬೀಳುತ್ತದೆ, ಆದರೆ ಅವರ ದಾರಿ ತೆರೆದಿರುತ್ತದೆ. ಬೋರ್ಡ್ ಮಾತ್ರ ಕೈಬಿಡಬೇಡಿ, ಹಿಂದೆ ಯಾರಿದ್ದಾರೋ ಗೊತ್ತಿರುವುದಿಲ್ಲ.

ಪ್ರಶ್ನೆ: ಅದೇ ಪಾಯಿಂಟ್, ಅದೇ ಎತ್ತರದ ಅಲೆ, ಆದರೂ ಈ ವರ್ಷ ಸವಾರಿ ಅರ್ಧಕ್ಕೇ ನಿಲ್ಲುತ್ತಿದೆ. ಯಾಕೆ?

ಉತ್ತರ: ಬಹುಶಃ ಮರಳು ಜಾಗ ಬದಲಿಸಿದೆ. ಎಷ್ಟೋ ಪಾಯಿಂಟ್‌ಗಳಲ್ಲಿ ಬಂಡೆ ಅಲೆಯನ್ನು ತಿರುಗಿಸುತ್ತದೆ ಅಷ್ಟೇ, ಉದ್ದಕ್ಕೂ ಓಡಿಸುವುದು ಬಂಡೆಯ ಪಕ್ಕದ ಮರಳಿನ ದಿಬ್ಬ. ಆಸ್ಟ್ರೇಲಿಯಾದ ಟ್ವೀಡ್ ನದಿಯ ಬಾಯಲ್ಲಿ ಸೇರುವ ಮರಳನ್ನು 2001ರಿಂದ ಪಂಪ್ ಮಾಡಿ ಹತ್ತಿರದ ಸ್ನ್ಯಾಪರ್ ರಾಕ್ಸ್ ಎಂಬ ಪಾಯಿಂಟ್ ಕಡೆ ಸುರಿಯತೊಡಗಿದ ಮೇಲೆ ಅಲ್ಲಿ ಸೂಪರ್‌ಬ್ಯಾಂಕ್ ಎಂಬ ಉದ್ದದ ಅಲೆಯೇ ಹುಟ್ಟಿತು, ಪಕ್ಕದ ಕಿರ್ರಾದ ಹೆಸರಾಂತ ಅಲೆ ಮಾತ್ರ ಮರಳು ಜಾಸ್ತಿಯಾಗಿ ವರ್ಷಗಟ್ಟಲೆ ಸೊರಗಿತು. ನಿಮ್ಮ ಪಾಯಿಂಟ್‌ನಲ್ಲಿ ನೀರು ಇಳಿತದಲ್ಲಿರುವಾಗ ನಡೆದುಕೊಂಡು ಹೋಗಿ ದಿಬ್ಬ ಎಲ್ಲಿ ತುಂಡಾಗಿದೆ ನೋಡಿ. ಸವಾರಿ ನಿಲ್ಲುವ ಜಾಗ ಅದೇ ಇರಬಹುದು. ಅದರಾಚೆಯಿಂದ ಅಲೆ ಮತ್ತೆ ಏಳುತ್ತಿದ್ದರೆ, ಸದ್ಯಕ್ಕೆ ಅಲ್ಲೇ ಹೋಗಿ ಕಾಯಿರಿ. ಅಲ್ಲಿ ಜನವೂ ಕಡಿಮೆ ಇರುತ್ತಾರೆ.