ದುಡ್ಡಿನ ಮಾತು ಬಿಟ್ಟರೆ, ಸ್ವತಂತ್ರ ಸಿನಿಮಾ ನಿರ್ದೇಶಕರಿಗೆ ಜಾಸ್ತಿ ಕಷ್ಟ ಅನಿಸುವುದು ಯಾವುದು?

ನನ್ನ ಮಟ್ಟಿಗೆ, ನಮ್ಮನ್ನು ನಂಬಿ ಕ್ಯಾಮೆರಾ ಮುಂದೆ ನಿಂತವರನ್ನು ಎಡಿಟಿಂಗ್‌ನಲ್ಲಿ ತೆಗೆದುಹಾಕುವುದು.

ನಾನು ಸಿನಿಮಾ ಮಾಡಿದ್ದು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ. ತೆಂಗು ಬೆಳೆಯುವ ಮನೆಯೊಂದರ ಕತೆ. ನಟರೆಲ್ಲ ಊರಿನವರೇ. ಗುಬ್ಬಿ ವೀರಣ್ಣನವರ ಜಿಲ್ಲೆ ಅಲ್ವಾ, ಇಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ಡ್ರಾಮಾ ಮಾಸ್ಟರನ್ನು ಕರೆಸಿ, ಪಾತ್ರಕ್ಕೆ ತಾವೇ ದುಡ್ಡು ಹಾಕಿ, ರಾತ್ರಿಯಿಡೀ ಕುರುಕ್ಷೇತ್ರ ಆಡುತ್ತಾರೆ. ನನ್ನ ಮುಖ್ಯ ಪಾತ್ರಧಾರಿ ಆ ಊರಿನ ದುರ್ಯೋಧನ. ಕ್ಯಾಮೆರಾ ಶುರುವಾದರೆ ಸಾಕು, ಎದೆ ಸೆಟೆಸಿ ಕೊನೇ ಸಾಲಿನವರಿಗೂ ಕೇಳುವ ಹಾಗೆ ಮಾತಾಡುವರು. ‘ಸ್ವಲ್ಪ ಮೆಲ್ಲಗೆ’ ಅಂದರೆ ಮುಖ ಬಾಡುತ್ತಿತ್ತು. ಇಷ್ಟು ವರ್ಷ ಕಲಿತದ್ದೇ ತಪ್ಪು ಅಂದ ಹಾಗೆ ಅವರಿಗೆ ಕೇಳಿಸುತ್ತಿತ್ತು. ಅದು ತಪ್ಪಲ್ಲ, ಬಯಲಿಗೆ ಬೇಕಾದ ದೊಡ್ಡ ಕಲೆ. ಹಾಗಾಗಿ ಮಾತಿನ ವಿಷಯ ಎತ್ತುವುದನ್ನೇ ಬಿಟ್ಟೆ. ‘ಅಣ್ಣಾ, ಮಗ ಊರು ಬಿಡ್ತಾನೆ ಅಂತ ಗೊತ್ತಾಗಿದೆ. ಆದರೆ ಈ ರಾಶಿ ಸಂಜೆಯೊಳಗೆ ಸುಲಿದು ಮುಗಿಸಬೇಕು’ ಅಂದೆ. ಕೈ ಕಾಯಿ ಸುಲಿಯೋಕೆ ಹತ್ತಿತು, ದನಿ ತಾನಾಗಿಯೇ ಇಳಿಯಿತು. ಆ ದೃಶ್ಯ ನನಗೆ ಇವತ್ತಿಗೂ ಪ್ರಾಣ.

ಚಿತ್ರೀಕರಣ ನಡುವೆ ನಿಂತಿತು. ಕಾರಣ ನಿಮಗೆ ಗೊತ್ತಿರುವುದೇ, ದುಡ್ಡು. ಉಂಡೆ ಕೊಬ್ಬರಿ ಆಗಲು ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಬೇಕು. ನಾವು ವಾಪಸ್ ಹೋಗುವಷ್ಟರಲ್ಲಿ ರೇಟು ಬಂದಿತ್ತು, ಕತೆಗೆ ಬೇಕಿದ್ದ ಅಟ್ಟದ ಕಾಯಿಯನ್ನೆಲ್ಲ ಮನೆಯವರು ಮಾರಿದ್ದರು. ಸಿನಿಮಾಕ್ಕೋಸ್ಕರ ಇಟ್ಟುಕೊಳ್ಳಿ ಅಂತ ಯಾವ ಬಾಯಲ್ಲಿ ಹೇಳುವುದು? ಖಾಲಿ ಅಟ್ಟವನ್ನೇ ಕತೆಗೆ ಸೇರಿಸಿ ಬರೆದೆವು. ತ್ರೀ ಫೇಸ್ ಕರೆಂಟು ಬಂದರೆ ಸುತ್ತಲಿನ ಮೋಟಾರು ಶುರು, ನಮ್ಮ ಸೌಂಡ್ ರೆಕಾರ್ಡಿಂಗ್ ಬಂದ್. ಇಂಥವಕ್ಕೆಲ್ಲ ಹೇಗೋ ದಾರಿ ಸಿಗುತ್ತದೆ.

ಆದರೆ ಪಕ್ಕದ ಮನೆಯ ಅಮ್ಮ ಒಬ್ಬರಿದ್ದರು. ತೀರಿಹೋದ ತಮ್ಮ ಗಂಡನನ್ನು ನೆನೆದು ಒಂದು ದೃಶ್ಯದಲ್ಲಿ ಅತ್ತಿದ್ದರು. ಅದರಲ್ಲಿ ಒಂದು ಚೂರೂ ನಟನೆ ಇರಲಿಲ್ಲ. ಎಡಿಟರ್ ಮೊದಲ ದಿನವೇ ಹೇಳಿದರು, ‘ಇಲ್ಲಿ ಕತೆ ನಿಂತುಬಿಡುತ್ತೆ.’ ಅವರು ಶೂಟಿಂಗಿಗೆ ಬಂದವರಲ್ಲ, ಆ ಅಮ್ಮನ ಕೈಯ ಮುದ್ದೆ ಸಾರು ಉಂಡವರಲ್ಲ. ಅದಕ್ಕೇ ಅವರಿಗೆ ಅದು ಕಂಡಿತು. ನಾನು ವಾರಗಟ್ಟಲೆ ಜಗಳ ಆಡಿದೆ. ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಆ ದೃಶ್ಯ ತೆಗೆದುಹಾಕಿದೆವು. ಸಿನಿಮಾಕ್ಕೆ ಅದೇ ಸರಿ, ಈಗಲೂ ಹಾಗೇ ಅನ್ನುತ್ತೇನೆ.

ನೀವು ಸಿನಿಮಾ ಮಾಡುವುದಾದರೆ, ಎಡಿಟರನ್ನು ಲೊಕೇಶನ್‌ಗೆ ಕರೆದುಕೊಂಡು ಹೋಗಲೇಬೇಡಿ. ಯಾರದಾದರೂ ದೃಶ್ಯ ತೆಗೆದುಹಾಕಿದ ಸುದ್ದಿಯನ್ನು ಮಾತ್ರ ಊರಲ್ಲಿ ಸಿನಿಮಾ ತೋರಿಸುವ ಮೊದಲೇ, ಫೋನಲ್ಲಲ್ಲ, ಮನೆಗೇ ಹೋಗಿ ನೀವೇ ಹೇಳಿ. ನಾನು ಹೋದಾಗ ಆ ಅಮ್ಮ ಕೇಳಿದ್ದು ಒಂದೇ: ‘ಅದನ್ನ ನಮ್ಮ ಮಕ್ಕಳಿಗಾದ್ರೂ ಕೊಡ್ತೀಯೇನಪ್ಪಾ?’ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟೆ.