ಎರಡು ಎಕರೆ ಹಾಪ್ಸ್ ಹಾಕುವ ಮೊದಲು

ದೊಡ್ಡಬಳ್ಳಾಪುರದ ಅಣ್ಣ ಕೇಳಿದ್ದಾರೆ: ಆನ್‌ಲೈನ್‌ನಲ್ಲಿ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡೋ ಬಳ್ಳಿಹೂವು) ಕೆಜಿಗೆ ನಾಲ್ಕೈದು ಸಾವಿರ ಇದೆ, ಬೆಂಗಳೂರಲ್ಲಿ ಬಿಯರ್ ತಯಾರಿಸೋ ಪಬ್‌ಗಳಿಗೂ ಬರವಿಲ್ಲ, ದ್ರಾಕ್ಷಿ ಕಿತ್ತು ಎರಡು ಎಕರೆ ಹಾಕಲಾ ಅಂತ. ಬೇಡ ಅಣ್ಣ. ಇಲ್ಲಿನ ಒಂದು ಬ್ರೂಪಬ್‌ಗೆ ಆರು ವರ್ಷ ಹಾಪ್ಸ್ ಖರೀದಿ ನೋಡಿಕೊಂಡವನು ನಾನು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ನೋಡಿದ್ದು ನೂರು ಗ್ರಾಂ ಪ್ಯಾಕೆಟ್‌ನ ದರ. ಆಮದು ಸುಂಕ, ತಣ್ಣಗಿಡೋ ಖರ್ಚು, ಮಾರುವವನ ಲಾಭ ಎಲ್ಲ ಅದರೊಳಗಿದೆ. ಅಮೆರಿಕದ ರೈತನಿಗೆ ಈಚಿನ ವರ್ಷಗಳಲ್ಲಿ ಸಿಕ್ಕಿರೋದು ಸರಾಸರಿ ಪೌಂಡ್‌ಗೆ 5-6 ಡಾಲರ್. ನಮ್ಮ ಲೆಕ್ಕದಲ್ಲಿ ಕೆಜಿಗೆ ಸಾವಿರ ರೂಪಾಯಿ ಆಸುಪಾಸು. ಅದೂ ಒಣಗಿಸಿದ ಮಾಲಿಗೆ. ಒಂದು ಕೆಜಿ ಒಣ ಮಾಲಿಗೆ ನಾಲ್ಕೈದು ಕೆಜಿ ಹಸಿ ಹೂವು ಬೇಕು.

ಹಾಪ್ಸ್‌ಗೆ ನಮ್ಮ ಯಶವಂತಪುರದ ಥರ ಮಂಡಿ ಇಲ್ಲ. ಗರ್ಕಿನ್ ಬೆಳೆದವರಿಗೆ ಗೊತ್ತು, ಬಿತ್ತೋ ಮೊದಲೇ ಕಂಪನಿಯವರ ಜೊತೆ ದರ ಮಾತಾಗಿರುತ್ತದೆ ಅಲ್ವಾ? ಇದೂ ಹಾಗೇ. ಬಹುಪಾಲು ಮಾಲು ಕೆಲವು ವರ್ಷ ಮುಂಚೆಯೇ ಒಪ್ಪಂದದಲ್ಲಿ ಮಾರಿಹೋಗಿರುತ್ತದೆ. ಮಿಕ್ಕಿದ್ದು ಮಾತ್ರ ಬಿಡಿ ಮಾರಾಟಕ್ಕೆ. ಮಿಕ್ಕಿದ್ದು ಕಡಿಮೆಯಾದರೆ ದರ ತಲೆ ಮೇಲೆ, ಜಾಸ್ತಿಯಾದರೆ ಕೇಳೋರೇ ಇಲ್ಲ.

2007-08ರಲ್ಲಿ ಏನಾಯ್ತು ನೋಡಿ. ವರ್ಷಗಟ್ಟಲೆ ದರ ಬಿದ್ದು ರೈತರು ಬಳ್ಳಿ ಕಿತ್ತಿದ್ದರು. 2006ರಲ್ಲಿ ಅಮೆರಿಕದ ಹಾಪ್ಸ್ ಸೀಮೆ ಯಾಕಿಮಾದ ಒಂದು ಗೋದಾಮಿಗೆ ಬೆಂಕಿ ಬಿತ್ತು. ಯುರೋಪಿನಲ್ಲೂ ಫಸಲು ಕೈಕೊಟ್ಟಿತು. ಒಪ್ಪಂದ ಮಾಡಿಕೊಳ್ಳದ ಸಣ್ಣ ಬ್ರೂವರಿಗಳು ಪೌಂಡ್‌ಗೆ 20 ಡಾಲರ್ ದಾಟಿ ಕೊಟ್ಟವು. ಆದರೆ ಅಮೆರಿಕದ ರೈತನ ಸರಾಸರಿ ದರ 4 ಡಾಲರ್ ಹತ್ತಿರವೇ ಇತ್ತು, ಯಾಕಂದರೆ ಅವನ ಮಾಲು ಹಳೇ ದರಕ್ಕೆ ಬರೆದುಕೊಟ್ಟಾಗಿತ್ತು. ಆಮೇಲೆ ಎಲ್ಲರೂ ನಾಟಿಗೆ ಇಳಿದರು. ಅಲ್ಲಿನ ಹಾಪ್ಸ್ 2007ರಲ್ಲಿ ಸುಮಾರು 31 ಸಾವಿರ ಎಕರೆ ಇದ್ದದ್ದು ಮರುವರ್ಷವೇ 40 ಸಾವಿರ ದಾಟಿತು. 2010ಕ್ಕೆ ಮತ್ತೆ 31 ಸಾವಿರ! ಕೋಲಾರದ ಟೊಮೆಟೊ ಕಥೆಯೇ. ಟೊಮೆಟೊ ಆದರೆ ಮೂರು ತಿಂಗಳಲ್ಲಿ ತಪ್ಪು ತಿದ್ದಿಕೊಳ್ಳಬಹುದು. ಹಾಪ್ಸ್ ಪೂರ್ತಿ ಇಳುವರಿಗೆ ಬರೋದೇ ಎರಡು ಮೂರು ವರ್ಷಕ್ಕೆ. ಅಷ್ಟರಲ್ಲಿ ಮಾಲಿನ ಕೊರತೆ ಮುಗಿದಿರುತ್ತದೆ.

ಈಗ ನಡೀತಿರೋದೂ ಅದೇ. ಅಮೆರಿಕದಲ್ಲಿ 2021ರಲ್ಲಿ 60 ಸಾವಿರ ಎಕರೆ ದಾಟಿದ್ದು 2024ಕ್ಕೆ 45 ಸಾವಿರಕ್ಕಿಂತ ಕೆಳಗೆ ಬಂತು. ಬಿಯರ್ ಮಾರಾಟ ನಿಧಾನವಾಯ್ತು, ಗೋದಾಮು ತುಂಬಿತ್ತು. ನಾನೂ ಸಿಕ್ಕಿಹಾಕಿಕೊಂಡವನೇ. ಒಳ್ಳೇ ಕಾಲದಲ್ಲಿ ಸಿಟ್ರಾ ಅನ್ನೋ ಹಾಪ್ಸ್ ತಳಿಗೆ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದೆ. ಕೊರೊನಾದಲ್ಲಿ ಪಬ್ ಬಾಗಿಲು ಮುಚ್ಚಿತು, ಪೆಟ್ಟಿಗೆಗಳು ಮಾತ್ರ ಬರುತ್ತಲೇ ಇದ್ದವು. ಅದೇ ಮಾಲು ಹೊರಗೆ ನನ್ನ ಒಪ್ಪಂದದ ದರಕ್ಕಿಂತ ಅಗ್ಗ. ನಮ್ಮ ಯಜಮಾನರು ಫ್ರೀಜರ್ ತೆಗೆದಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು.

ಪಬ್‌ನವರು ಕೇಳೋದು ಸಿಟ್ರಾ, ಮೊಸಾಯಿಕ್. ಈ ತಳಿಗಳಿಗೆ ಮಾಲೀಕರಿದ್ದಾರೆ, ಅವರ ಅನುಮತಿ ಇಲ್ಲದೆ ನೆಡೋ ಹಾಗಿಲ್ಲ. ಕ್ಯಾಸ್ಕೇಡ್ ಯಾರು ಬೇಕಾದರೂ ನೆಡಬಹುದು, ಅದಕ್ಕೇ ಅದಕ್ಕೆ ಬೆಲೆ ಕಮ್ಮಿ. ಇನ್ನು ನಮ್ಮ ಪಬ್‌ಗಳಲ್ಲಿ ಹೆಚ್ಚು ಓಡೋದು ಗೋಧಿ ಬಿಯರ್. ಸಾವಿರ ಲೀಟರ್‌ಗೆ ಒಂದು ಕೆಜಿ ಹಾಪ್ಸ್ ಸಾಕಾಗುತ್ತದೆ. ಅಮೆರಿಕದಲ್ಲಿ ಎಕರೆಗೆ ಎಂಟುನೂರು ಕೆಜಿ ಮೇಲೆ ಬರುತ್ತದೆ. ಅಷ್ಟು ಬೆಳೆದರೂ ಎಷ್ಟು ಪಬ್ ಬಾಗಿಲು ತಟ್ಟಬೇಕು ನೀವೇ ಲೆಕ್ಕ ಹಾಕಿ.

ಬೆಳೆಯೋ ಮಾತಿಗೆ ಬಂದರೆ, ಬೆಂಗಳೂರಿನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟೋದಿಲ್ಲ. ಹಗಲು ಇಷ್ಟು ಚಿಕ್ಕದಾದರೆ ಬಳ್ಳಿ ಎತ್ತರ ಹೋಗೋ ಮೊದಲೇ ಹೂ ಬಿಟ್ಟುಬಿಡುತ್ತದೆ. ಬ್ರೆಜಿಲ್‌ನಲ್ಲಿ ಹಗಲು ಉದ್ದ ಮಾಡೋಕೆ ತೋಟಕ್ಕೆ ಲೈಟ್ ಹಾಕಿ ಬೆಳೆಸುತ್ತಿದ್ದಾರೆ. ನಿಮ್ಮ ದ್ರಾಕ್ಷಿ ಚಪ್ಪರವೂ ಸಾಲದು, ಇದಕ್ಕೆ 18 ಅಡಿ ಎತ್ತರದ ತಂತಿ ಬೇಕು. ಜೊತೆಗೆ ಒಣಗಿಸೋ ಮನೆ, ಒಣ ಹೂವನ್ನು ಪುಡಿಮಾಡಿ ಗುಳಿಗೆ ಕಟ್ಟೋ ಪೆಲೆಟ್ ಯಂತ್ರ, ಕೋಲ್ಡ್ ಸ್ಟೋರೇಜ್. ನಮ್ಮ ದೇಶದಲ್ಲಿ ಹಾಪ್ಸ್ ಬೆಳೆದಿರೋದು ಹಿಮಾಚಲದ ಲಾಹೌಲ್‌ನಂಥ ತಣ್ಣನೆ ಜಾಗದಲ್ಲಿ.

ಆಸೆ ಇದ್ದರೆ ಕುಂಡದಲ್ಲಿ ಒಂದು ಹಾಕಿ. ರಾಜಾಜಿನಗರದ ನಮ್ಮ ತಾರಸಿಯಲ್ಲಿ ಕ್ಯಾಸ್ಕೇಡ್ ಇದೆ. ಎದೆಮಟ್ಟ ಬಂದು ನಿಂತಿತು, ಹೋದ ವರ್ಷ ಎರಡು ಬೊಗಸೆ ಹೂ ಕೊಟ್ಟಿತು. ಬೇರಿನ ತುಂಡು ಬೇಕಿದ್ದರೆ ಹೇಳಿ, ತೆಗೆದಿಡುತ್ತೇನೆ. ದ್ರಾಕ್ಷಿ ಮಾತ್ರ ಕೀಳಬೇಡಿ.